ಹೂಬಿಸಿಲಿನ ಲೆಕ್ಕ

ಮಗಳ ಊರಿನ ಹೆಸರು ಕೇರಿ. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿ, ರಾಜಧಾನಿ ರಾಲೆಗೆ ಮೈತಾಗಿಸಿಕೊಂಡಿರುವ ಊರು. ಮೇಲಿನಕೇರಿ ಕೆಳಗಿನಕೇರಿಗಳ ನಡುವೆ ಓಡಾಡಿ ಬೆಳೆದ ನನಗೆ ಹೆಸರು ಕೇಳಿಯೇ ಅರ್ಧ ಅಳುಕು ಹೋಗಿತ್ತು. ಏಪ್ರಿಲ್ ಎರಡನೇ ವಾರ ಹೋಗಿ ಇಳಿದಾಗ ಉಳಿದರ್ಧವೂ ಹೋಯಿತು. ರಸ್ತೆಯ ಎರಡೂ ಬದಿ, ಒಂದು ಮನೆ ಬಿಡದಂತೆ, ಸೊಂಟದೆತ್ತರದ ಪೊದೆಗಳು ಎಲೆಯೇ ಕಾಣದಷ್ಟು ಹೂ ಹೊದ್ದು ಕೂತಿದ್ದವು. ಗುಲಾಬಿ, ಬಿಳಿ, ತಿಳಿನೇರಳೆ, ಕಣ್ಣಿಗೆ ಹೊಡೆಯುವ ರಾಣಿ ಬಣ್ಣ. ಅಜೇಲಿಯಾ ಅಂದಳು ಮಗಳು. ಒಂದು ಮನೆ ಬಿಡದಂತೆ ಅಂದೆನಲ್ಲ, ಒಂದು ಮನೆ ಬಿಟ್ಟಿತ್ತು. ನಮ್ಮ ಕಾರು ಅದರ ಮುಂದೆಯೇ ನಿಂತಿತು.

"ನೀರು ಹಾಕ್ತೀವಿ, ಗೊಬ್ಬರ ಹಾಕ್ತೀವಿ ಅಮ್ಮ, ಏನು ಮಾಡಿದರೂ ಹೂವೇ ಬಿಡಲ್ಲ" ಎಂದು ಮಗಳು ಸೂಟ್‌ಕೇಸ್ ಇಳಿಸುವುದಕ್ಕೂ ಮುಂಚೆ ದೂರು ಹೇಳಿದಳು. ಅಳಿಯ ಇಂಜಿನಿಯರು. ಗಿಡ ತಂದಾಗ ಕುಂಡಕ್ಕೆ ಸಿಕ್ಕಿಸಿದ್ದ ಚೀಟಿಯನ್ನು ಜೋಪಾನವಾಗಿ ಇಟ್ಟುಕೊಂಡಿದ್ದ. ಅದರಲ್ಲಿ ಅರ್ಧ ಕಪ್ಪು ಅರ್ಧ ಬಿಳಿಯ ಒಂದು ಸೂರ್ಯ, ಪಕ್ಕದಲ್ಲಿ ನಾಲ್ಕರಿಂದ ಆರು ಗಂಟೆ ಬಿಸಿಲು ಎಂಬ ಒಕ್ಕಣೆ. "ಪಶ್ಚಿಮದ ಗೋಡೆ ಪಕ್ಕ ಎರಡು ಗಂಟೆಯಿಂದ ಏಳರ ತನಕ ಬಿಸಿಲು ಬೀಳುತ್ತೆ ಅತ್ತೆ. ಐದು ಗಂಟೆ. ಲೆಕ್ಕ ಸರಿ ಇದೆಯಲ್ಲ?"

ಲೆಕ್ಕ ಸರಿಯೇ ಇತ್ತು. ಬಿಸಿಲು ತಪ್ಪಿತ್ತು.

ಮೂಡಿಗೆರೆ ಕಡೆ ಕಾಫಿ ತೋಟದ ಮನೆಗೆ ಸೊಸೆಯಾಗಿ ಹೋದವಳು ನಾನು. ನಲವತ್ತು ವರ್ಷ ನಾನು ಕಲಿತ ವಿದ್ಯೆ ಒಂದೇ, ಗಿಡಕ್ಕೆ ಎಷ್ಟು ಬಿಸಿಲು ಬಿಡಬೇಕು ಅನ್ನುವುದು. ಅರೇಬಿಕಾಕ್ಕೆ ನೆರಳು ಹೆಚ್ಚು ಬೇಕು, ರೋಬಸ್ಟಾಕ್ಕೆ ಕಡಿಮೆ ಸಾಕು. ಮೇಲೆ ಅತ್ತಿ, ನಂದಿ, ಹಲಸಿನ ಎತ್ತರದ ನೆರಳು, ಕೆಳಗೆ ಹಾಲುವಾಣದ ತೆಳು ನೆರಳು. ಮಳೆಗಾಲದ ಮೋಡ ಕವಿಯುವ ಮುಂಚೆ ಮರಗಸಿ ಮಾಡಿಸಿ, ಅಂದರೆ ಕೊಂಬೆ ಸವರಿಸಿ, ಬೆಳಕಿಗೆ ದಾರಿ ಬಿಡಿಸದಿದ್ದರೆ ಗಿಡ ಎಲೆಯಲ್ಲೇ ಮೆರೆದು ಹೂವಿನ ಹೊತ್ತಿಗೆ ಕೈ ಕೊಡುತ್ತದೆ. ನಮ್ಮ ಮಾವ ಇಷ್ಟನ್ನೂ ಒಂದೇ ಮಾತಿನಲ್ಲಿ ಹೇಳುತ್ತಿದ್ದರು: "ಮಟಮಟ ಮಧ್ಯಾಹ್ನ ತೋಟದ ನೆಲ ಚಿರತೆ ಮೈ ಥರ ಕಾಣಬೇಕು." ಬರೀ ಕಪ್ಪಾದರೂ ತಪ್ಪು, ಬರೀ ಬಿಳುಪಾದರೂ ತಪ್ಪು. ಅರ್ಧ ಕಪ್ಪು ಅರ್ಧ ಬಿಳಿಯ ಆ ಸೂರ್ಯನನ್ನು ಚೀಟಿಯಲ್ಲಿ ನೋಡಿದಾಗ ನನಗೆ ಮಾವನ ಚಿರತೆಯೇ ನೆನಪಾಯಿತು.

ಆದರೆ ಚೀಟಿ ಬರೆದವರಿಗೆ ಬಿಸಿಲು ಅಂದರೆ ಒಂದೇ. ನಮಗೆ ಹಾಗಲ್ಲ. ಬೆಳಗಿನದು ಎಳೆಬಿಸಿಲು, ಸ್ವಲ್ಪ ಏರಿದ ಮೇಲೆ ಹೂಬಿಸಿಲು, ಆಮೇಲೆ ಚುರುಕು ಬಿಸಿಲು, ಕಡುಬಿಸಿಲು, ರಣಬಿಸಿಲು, ಕೊನೆಗೆ ಇಳಿಬಿಸಿಲು. ಬಾಣಂತಿ ಮಗುವನ್ನು ಯಾವ ಬಿಸಿಲಿಗೆ ಹಿಡಿಯಬೇಕು, ಹಪ್ಪಳ ಯಾವ ಬಿಸಿಲಿಗೆ ಹಾಕಬೇಕು ಅಂತ ನಮ್ಮ ಹೆಂಗಸರಿಗೆ ಗಡಿಯಾರ ನೋಡದೆ ಗೊತ್ತು. ಅಜೇಲಿಯಾ ಕೇಳುವುದು ಮಗುವಿನ ಬಿಸಿಲನ್ನು. ಅಳಿಯ ಕೊಟ್ಟಿದ್ದು ಹಪ್ಪಳದ ಬಿಸಿಲು. ಮೂರು ಗಂಟೆಯ ಬಿಸಿಲಿನ ಜೊತೆ ಗಾಳಿಯೂ ಕಾದಿರುತ್ತದೆ, ಮಣ್ಣೂ ಕಾದಿರುತ್ತದೆ. ಈ ಗಿಡದ ಬೇರೋ ಕೂದಲಿನಂತೆ ತೆಳ್ಳಗೆ, ಮೇಲ್ಮಣ್ಣಿನ ಒಂದು ಅಡಿಯೊಳಗೇ ಹರಡಿಕೊಂಡಿರುತ್ತದೆ. ಆಳದ ತಂಪಿಗೆ ಇಳಿಯುವ ಜಾತಿಯಲ್ಲ. ಎಲೆ ಕೇಳಿದಷ್ಟು ನೀರನ್ನು ಬೇರು ಒದಗಿಸಲಾರದು. ಅದರ ಮೇಲೆ ಹಿಂದೊಂದು ಇಟ್ಟಿಗೆ ಗೋಡೆ. ಬಿಸಿಲು ಹೋದ ಮೇಲೂ ಒಲೆದಂಡೆಯ ಹಾಗೆ ಝಳ ಉಗುಳುತ್ತಿತ್ತು. ಅಲ್ಲಿ ಬಿಟ್ಟಿದ್ದ ಹತ್ತಿಪ್ಪತ್ತು ಹೂವು ಎರಡೇ ದಿನಕ್ಕೆ ಕಂದು ಕಾಗದವಾಗಿ ಕೊಂಬೆಗೆ ಅಂಟಿಕೊಂಡಿದ್ದವು.

ಅಲ್ಲಿಯ ಎಲೆಗಳೂ ನೆಟ್ಟಗಿರಲಿಲ್ಲ. ಹಸಿರು ಮಾಸಿ, ಸೂಜಿಮೊನೆಯಲ್ಲಿ ಚುಚ್ಚಿದ ಹಾಗೆ ಬೆಳ್ಳಿ ಚುಕ್ಕೆ. ಕಾಫಿಯವಳಲ್ಲವೇ, ಎಲೆ ಕಂಡರೆ ಕೈ ತನ್ನಷ್ಟಕ್ಕೆ ಅದನ್ನು ಮಗುಚುತ್ತದೆ. ಎಲೆ ತುಕ್ಕಿನ ಹಳದಿ ಪುಡಿ ಇರಲಿಲ್ಲ. ಬದಲಿಗೆ ಡಾಂಬರು ಸಿಡಿಸಿದಂಥ ಕರಿ ಚುಕ್ಕೆಗಳು, ಅವುಗಳ ನಡುವೆ ಲೇಸು ಹೆಣೆದ ರೆಕ್ಕೆಯ, ಎಳ್ಳಿಗಿಂತ ತುಸು ದೊಡ್ಡ ಹುಳು. ಅದಕ್ಕೆ ಹೆಸರೂ ಲೇಸ್ ಬಗ್ ಅಂತಲೇ, ಜಪಾನಿನಿಂದ ಬಂದು ಅಮೆರಿಕದಲ್ಲಿ ನೆಲೆಸಿದ್ದು. ನೆರಳಿನ ಪೊದೆಯಲ್ಲೂ ಇರುತ್ತದಂತೆ, ಆದರೆ ಬಿಸಿಲಿಗೆ ಬಳಲಿದ ಗಿಡ ಕಂಡರೆ ಅದಕ್ಕೆ ಹಬ್ಬ. ಅಳಿಯ ಎರಡು ವರ್ಷದಿಂದ ಇದನ್ನು ಗೊಬ್ಬರ ಸಾಲದ ಲಕ್ಷಣ ಅಂತ ತಿಳಿದು ಗೊಬ್ಬರ ಸುರಿಯುತ್ತಿದ್ದ.

ಮನೆಯ ಇನ್ನೊಂದು ಮಗ್ಗುಲಲ್ಲಿ ಇದರ ತದ್ವಿರುದ್ಧ. ಈಶಾನ್ಯದ ಮೂಲೆಯಲ್ಲಿ ದೊಡ್ಡದೊಂದು ಮ್ಯಾಗ್ನೋಲಿಯಾ ಮರ, ಎಲೆ ಉದುರಿಸದ ಜಾತಿ, ಕೊಂಬೆ ನೆಲ ಗುಡಿಸುವಷ್ಟು ಕೆಳಗೆ. ಅದರಡಿಯಲ್ಲಿ ಐದು ಅಜೇಲಿಯಾ. ಎಲೆ ಕಡುಹಸಿರು, ಆರೋಗ್ಯ ಭೇಷ್, ಆದರೆ ಬೆಳಕು ಹುಡುಕಿಕೊಂಡು ಉದ್ದುದ್ದ ಕತ್ತು ಚಾಚಿ ನಿಂತಿದ್ದವು. ಹೂವು ಎಣಿಸಿದೆ. ಐದು ಗಿಡಕ್ಕೆ ಒಟ್ಟು ಒಂಬತ್ತು. ನೆರಳಿನ ಗಿಡ ನೆರಳಿನ ಗಿಡ ಅಂತ ಈ ಅಜೇಲಿಯಾಕ್ಕೆ ಯಾರೋ ಹೆಸರು ಕೊಟ್ಟುಬಿಟ್ಟಿದ್ದಾರೆ. ನೆರಳಿನಲ್ಲಿ ಅದು ಬದುಕುತ್ತದೆ ನಿಜ, ಹೂವು ಬಿಡುವುದು ಮಾತ್ರ ಬೆಳಕಿನಿಂದಲೇ.

ಯಾವ ಜಾಗಕ್ಕೆ ಯಾವ ಬಿಸಿಲು ಬೀಳುತ್ತದೆ ಎಂದು ನೋಡಲೇಬೇಕೆಂದು ಮರುದಿನ ಬೆಳಿಗ್ಗೆ ಯುಗಾದಿಗೆ ತಂದು ಉಳಿದಿದ್ದ ರಂಗೋಲಿ ಪುಡಿ ಹಿಡಿದು ಅಂಗಳಕ್ಕಿಳಿದೆ. ಗಂಟೆಗೊಮ್ಮೆ ಹೊರಗೆ ಬಂದು ನೆರಳಿನ ಅಂಚಿಗೆ ಒಂದು ಗೆರೆ. ಹನ್ನೊಂದರ ಹೊತ್ತಿಗೆ ಹುಲ್ಲಿನ ಮೇಲೆ ದೊಡ್ಡ ನಾಗಮಂಡಲವೇ ಆಗಿತ್ತು. ಪಕ್ಕದ ಮನೆಯ ಅಜ್ಜಿ, ಎಂಬತ್ತು ದಾಟಿದ್ದಾರೆ, ಕೈಯಲ್ಲಿ ಕಾಫಿ ಹಿಡಿದು ತಮ್ಮ ಜಗಲಿಯಿಂದ ಆಗಿನಿಂದ ನೋಡುತ್ತಿದ್ದವರು ತಡೆಯಲಾರದೆ ಬಂದರು. ಮಾಟವೋ ಪೂಜೆಯೋ ಅಂತ ಕೇಳುತ್ತಾರೆಂದುಕೊಂಡೆ. ಅವರು ಬಗ್ಗಿ ಪುಡಿಯನ್ನು ಬೆರಳಿಗೆ ತಾಗಿಸಿ ಗಾಬರಿಯಿಂದ ಕೇಳಿದ್ದು, "ಇದು ಸುಣ್ಣವಾ?"

ನಮ್ಮ ತೋಟಗಳಲ್ಲಿ ಮಣ್ಣಿನ ಹುಳಿ ತಗ್ಗಿಸಲು ಸುಣ್ಣ ಹಾಕುತ್ತೇವೆ. ಅಜೇಲಿಯಾಕ್ಕೆ ಆ ಹುಳಿಯೇ ಪ್ರಾಣ. ಪಿಎಚ್ ನಾಲ್ಕೂವರೆಯಿಂದ ಆರರೊಳಗೆ ಇರಬೇಕು. ಸುಣ್ಣ ಬಿದ್ದರೆ ಕಬ್ಬಿಣದ ಅಂಶ ಗಿಡಕ್ಕೆ ದಕ್ಕದೆ ಎಳೆ ಎಲೆ ಹಳದಿಯಾಗುತ್ತದೆ, ನರ ಮಾತ್ರ ಹಸಿರು. ರಂಗೋಲಿ ಪುಡಿಯಲ್ಲಿ ಯಾವ ಕಲ್ಲಿದೆಯೋ ದೇವರೇ ಬಲ್ಲ. ಅಜ್ಜಿಯ ಮಾತಿಗೆ ಬೆಲೆ ಕೊಟ್ಟು ಎಲ್ಲ ಗುಡಿಸಿ, ಅಕ್ಕಿಹಿಟ್ಟಿನಲ್ಲಿ ಮತ್ತೆ ಶುರು ಮಾಡಿದೆ. ಅದನ್ನು ಅಳಿಲುಗಳು ನೆಕ್ಕಿಕೊಂಡು ಹೋದವು. ಕೊನೆಗೆ ಮೊಮ್ಮಗ ಐಸ್‌ಕ್ರೀಂ ಕಡ್ಡಿಗಳನ್ನು ಕೊಟ್ಟ.

ಆ ಕಡ್ಡಿಗಳಿಂದ ಗೊತ್ತಾಗಿದ್ದು ನನಗೆ ಹೊಸದು. ಮೂಡಿಗೆರೆ ಸುಮಾರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಸೂರ್ಯ ವರ್ಷಕ್ಕೆರಡು ಸಲ, ಏಪ್ರಿಲ್ ಕೊನೆಗೊಮ್ಮೆ ಆಗಸ್ಟ್ ನಡುವಿಗೊಮ್ಮೆ, ನೆಟ್ಟಗೆ ನೆತ್ತಿಯ ಮೇಲೆ ನಿಂತು ನಮ್ಮ ನೆರಳನ್ನು ನಮ್ಮ ಕಾಲಡಿಗೇ ತುಳಿಸುತ್ತಾನೆ. ಕೇರಿ ಇರುವುದು 36 ಡಿಗ್ರಿಯ ಹತ್ತಿರ. ಅಲ್ಲಿ ಅವನು ಯಾವತ್ತೂ ನೆತ್ತಿಗೆ ಬರುವುದೇ ಇಲ್ಲ, ಬಾಗಿಲಲ್ಲಿ ನಿಂತೇ ಮಾತಾಡಿಸಿ ಹೋಗುವ ನೆಂಟನ ಹಾಗೆ ದಕ್ಷಿಣಕ್ಕೇ ನಿಂತಿರುತ್ತಾನೆ. ಚಳಿಗಾಲದಲ್ಲಿ ಮನೆಯ ಉತ್ತರಕ್ಕೆ ಅವನ ಮುಖವೇ ಕಾಣಿಸದು. ಜೂನ್ ಬಂದರೆ ಹದಿನಾಲ್ಕೂವರೆ ಗಂಟೆ ಹಗಲು, ರಾತ್ರಿ ಎಂಟೂವರೆಗೆ ಸೂರ್ಯಾಸ್ತ. ಸಾಲದ್ದಕ್ಕೆ ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿಟ್ಟಿರುತ್ತಾರೆ. ಹಾಗಾಗಿ ಅಲ್ಲಿ ಮಟಮಟ ಮಧ್ಯಾಹ್ನ ಆಗುವುದು ಒಂದೂಕಾಲಕ್ಕೆ. ಚೀಟಿ ಓದಿ, ಗಡಿಯಾರ ನೋಡಿ ಗಿಡ ನೆಟ್ಟರೆ ಹನ್ನೆರಡರ ಬಿಸಿಲು ಏರುಬಿಸಿಲೋ ಇಳಿಬಿಸಿಲೋ ಗೊತ್ತಾಗುವುದು ಹೇಗೆ?

ಅಜ್ಜಿಯ ಅಂಗಳದಲ್ಲಿ ಎತ್ತರದ ಪೈನ್ ಮರಗಳು. ಅರವತ್ತು ಎಪ್ಪತ್ತು ಅಡಿ ಎತ್ತರಕ್ಕೆ ಬೋಳು ಕಾಂಡ, ತುದಿಯಲ್ಲಿ ಮಾತ್ರ ಜಡೆ. ಆ ಸೂಜಿ ಎಲೆಗಳಲ್ಲಿ ಸೋಸಿ ಇಳಿದ ಬಿಸಿಲು ಪೊದೆಗಳ ಮೇಲೆ ನಿಲ್ಲದೆ ಸರಿಯುತ್ತಾ ಇರುತ್ತಿತ್ತು. ಯಾವ ಎಲೆಯ ಮೇಲೂ ಹೆಚ್ಚು ಹೊತ್ತು ಕೂರುವುದಿಲ್ಲ, ಯಾವ ಎಲೆಗೂ ತಪ್ಪುವುದಿಲ್ಲ. ಉದುರಿದ ಸೂಜಿಗಳೇ ಬುಡಕ್ಕೆ ಹೊದಿಕೆ. ನೆಲ ನೋಡಿದೆ. ಚಿರತೆಯೇ. "ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು, ಅಷ್ಟೇ" ಅಂದರು ಅಜ್ಜಿ ತಮ್ಮ ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷಿನಲ್ಲಿ ಮಾವನ ಚಿರತೆಯ ಮಾತು ಹೇಳಿದೆ. ನಮ್ಮ ತೋಟದಲ್ಲಿ ಚಿರತೆ ಇದೆ ಅಂತ ಅವರಿಗೆ ಅರ್ಥವಾಯಿತು. ಅದೂ ಸುಳ್ಳಲ್ಲವಾದ್ದರಿಂದ ನಾನು ತಿದ್ದಲಿಲ್ಲ.

ಇಷ್ಟೆಲ್ಲ ಸಿದ್ಧಾಂತ ಕಟ್ಟಿಕೊಂಡು ಕೂತಿದ್ದಾಗ ಜೂನ್‌ನಲ್ಲಿ ಅಳಿಯ ಬ್ಲೂ ರಿಡ್ಜ್ ಬೆಟ್ಟಗಳ ಕಡೆ ಕರೆದುಕೊಂಡು ಹೋದ. ಆಶ್‌ವಿಲ್ ಹತ್ತಿರದ ಕ್ರ್ಯಾಗಿ ಗಾರ್ಡನ್ಸ್‌ನಲ್ಲಿ ಅಜೇಲಿಯಾದ ದೊಡ್ಡಪ್ಪನ ಮಕ್ಕಳಾದ ರೋಡೋಡೆಂಡ್ರಾನ್‌ಗಳು ಬೋಳು ಬೆಟ್ಟದ ನೆತ್ತಿಯಲ್ಲಿ, ಒಂದು ಮರದ ಆಸರೆಯೂ ಇಲ್ಲದೆ, ನೇರಳೆ ಹೂ ತುಂಬಿಕೊಂಡು ನಿಂತಿದ್ದವು. "ಅತ್ತೆ, ಇವಕ್ಕೆ ನೆರಳು ಎಲ್ಲಿ?" ಅಳಿಯನ ಮುಖದಲ್ಲಿ ಗೆದ್ದ ಕಳೆ. ನನಗೆ ಊಟಿಯ ದೊಡ್ಡಬೆಟ್ಟ ನೆನಪಾಯಿತು. ಅಲ್ಲೂ 2,600 ಮೀಟರ್ ಎತ್ತರದಲ್ಲಿ ಇದೇ ಕುಲದ ಮರವೊಂದು ಬಯಲಿನಲ್ಲೇ ಕೆಂಪು ಹೂ ಬಿಡುತ್ತದೆ. ಅಷ್ಟರಲ್ಲಿ ಮಂಜು ಬಂದು ಎಲ್ಲರೂ ಸ್ವೆಟರ್ ಹುಡುಕಿದರು. ಉತ್ತರ ಹೇಳುವ ಕಷ್ಟ ತಪ್ಪಿತು. ತಣ್ಣನೆಯ ಬೆಟ್ಟದಲ್ಲಿ ಇಡೀ ದಿನದ ಬಿಸಿಲೂ ಹೂಬಿಸಿಲೇ. ಕಾದ ತಗ್ಗಿನಲ್ಲಿ ಎರಡು ಗಂಟೆಯದೇ ಹೆಚ್ಚು.

ವಾಪಸು ಬರುವಾಗ ಅಳಿಯ ಫೋನಿನಲ್ಲಿ ಓದಿ ಹೇಳಿದ. ಲಿನೇಯಸ್ 1753ರಲ್ಲಿ ಅಜೇಲಿಯಾವನ್ನು ಬೇರೆಯೇ ಕುಲ ಮಾಡಿಟ್ಟಿದ್ದನಂತೆ, ಕೇಸರ ಐದಿದ್ದರೆ ಅಜೇಲಿಯಾ, ಹತ್ತಿದ್ದರೆ ರೋಡೋಡೆಂಡ್ರಾನ್ ಅಂತ. ಆಮೇಲೆ ಹತ್ತು ಕೇಸರದ ಅಜೇಲಿಯಾಗಳೂ ಸಿಕ್ಕು ಈಗ ಎಲ್ಲವೂ ಒಂದೇ ಕುಲ. ಅಜೇಲಿಯಾ ಎಂಬ ಹೆಸರಿನ ಮೂಲ ಗ್ರೀಕ್‌ನಲ್ಲಿ ಒಣಗಿದ್ದು ಎಂಬ ಅರ್ಥದ ಪದವಂತೆ. ವಾರಕ್ಕೊಂದು ಇಂಚು ನೀರಿಲ್ಲದಿದ್ದರೆ ಮುಖ ಬಾಡಿಸುವ ಗಿಡಕ್ಕೆ ಇದೆಂಥ ನಾಮಕರಣ. ನಮ್ಮ ಮಗಳ ಪಶ್ಚಿಮದ ಗೋಡೆ ನೋಡಿ ಇಟ್ಟಿರಬೇಕು ಅಂದೆ. ಅಳಿಯ ನಗಲಿಲ್ಲ.

ಕತ್ತರಿ ಹಾಕುವುದಿದ್ದರೆ ಜುಲೈ ನಾಲ್ಕರೊಳಗೆ ಹಾಕಿ ಎಂದು ಅಜ್ಜಿ ಹೇಳಿದ್ದರು. ಅದು ಅವರ ಸ್ವಾತಂತ್ರ್ಯ ದಿನ, ನೆನಪಿಗೆ ಸುಲಭ. ಬರುವ ಏಪ್ರಿಲ್‌ನ ಮೊಗ್ಗನ್ನು ಈ ಗಿಡ ಈ ಬೇಸಿಗೆಯಲ್ಲೇ ಕೊಂಬೆಯ ತುದಿಗೆ ಕಟ್ಟಲು ಶುರು ಮಾಡುತ್ತದೆ. ಆಮೇಲೆ ಸವರಿದರೆ ಸವರಿದ್ದು ಹೂವನ್ನೇ. ಹಾಗಾದರೆ ಬೆಳಕು ಬೇಕಾಗಿರುವುದೂ ಈಗಲೇ, ಹೂ ಬಿಡುವ ತಿಂಗಳಲ್ಲಲ್ಲ. ಮ್ಯಾಗ್ನೋಲಿಯಾಕ್ಕೆ ಕೂಡಲೇ ಮರಗಸಿ ಆಗಬೇಕು ಅಂದೆ. ಮರ ಸವರುವವನನ್ನು ಕರೆಸಿದರು. ಅವನು ಹೇಳಿದ ರೇಟಿನಲ್ಲಿ ನಮ್ಮಲ್ಲಿ ಎಕರೆಗಟ್ಟಲೆ ಮರಗಸಿ ಮುಗಿಯುತ್ತಿತ್ತು. ಆ ರಾತ್ರಿ ಫೋನಿನಲ್ಲಿ ನಮ್ಮ ಯಜಮಾನರು, "ಇಲ್ಲಿ ಮರ ಹತ್ತೋಕೆ ಆಳು ಸಿಗದೆ ನಾನು ಸಾಯ್ತಿದ್ದೀನಿ, ನೀನು ಅಮೆರಿಕದಲ್ಲಿ ಮರಗಸಿ ಮಾಡಿಸ್ತಿದ್ದೀಯ" ಅಂದರು. ಕೊನೆಗೆ ಅಜ್ಜಿಯಿಂದ ಉದ್ದ ಕೋಲಿನ ಗರಗಸ ಕಡ ತಂದು ಅಳಿಯನೇ ಇಳಿದ. ನಾನು ಕೆಳಗೆ ನಿಂತು ಕೈ ತೋರಿಸಿದೆ. ಪೂರ್ವದ ಕಡೆಯ ಕೆಳಕೊಂಬೆಗಳು ಮಾತ್ರ, ಪಶ್ಚಿಮದ್ದು ಮುಟ್ಟಬಾರದು. ಕೆಲಸ ಮುಗಿದಾಗ ಮರ ಸೀರೆ ಎತ್ತಿ ಕಟ್ಟಿ ಗದ್ದೆಗಿಳಿದ ಹೆಂಗಸಿನ ಹಾಗೆ ಕಾಣುತ್ತಿತ್ತು. ಮರುದಿನ ಬೆಳಿಗ್ಗೆ ಏಳಕ್ಕೆ ಎಳೆಬಿಸಿಲು ಆ ಐದು ಗಿಡಗಳ ಕಾಲ ತನಕ ಬಂದಿತ್ತು.

ಗೋಡೆ ಪಕ್ಕದವನ್ನು ಸೆಪ್ಟೆಂಬರ್ ಕೊನೆಯಲ್ಲಿ, ಬಿಸಿಲು ತಣಿದ ಮೇಲೆ ಎಬ್ಬಿಸಿದೆವು. ಬೇರು ಮೇಲ್ಮಟ್ಟದಲ್ಲೇ ಇರುವುದರಿಂದ ಗಿಡ ಮಣ್ಣಿನ ಸಮೇತ ಚಾಪೆಯ ಹಾಗೆ ಎದ್ದು ಬಂತು. ಅಜ್ಜಿಯ ಪೈನ್ ನೆರಳು ಬೇಲಿ ದಾಟಿ ನಮ್ಮ ಕಡೆ ಬೀಳುವ ಪಟ್ಟಿಯೊಂದಿತ್ತು. ಅಲ್ಲಿ, ಆಳಕ್ಕೆ ಹೂಳದೆ, ನೆಲಮಟ್ಟಕ್ಕಿಂತ ಒಂದು ಬೆರಳು ಎತ್ತರದಲ್ಲೇ ಕೂರಿಸಿ, ಪೈನ್ ಎಲೆ ಹೊದಿಸಿ ನೀರು ಕೊಟ್ಟೆವು. ಮ್ಯಾಗ್ನೋಲಿಯಾ ಕೆಳಗಿನವುಗಳ ತುದಿ ಮುಟ್ಟಿ ನೋಡಿದೆ. ಬೆರಳಿಗೆ ಗಟ್ಟಿಯಾಗಿ ಮೊಗ್ಗು ಸಿಕ್ಕವು, ಪೂರ್ವದ ಕಡೆ ಹೆಚ್ಚು. ಅಲ್ಲಿರಲು ನನಗಿದ್ದ ಆರು ತಿಂಗಳ ಗಡುವು ಮುಗಿಯುತ್ತಾ ಬಂದಿತ್ತು. ಅಕ್ಟೋಬರ್ ಮೊದಲ ವಾರ ವಿಮಾನ ಹತ್ತಿದೆ.

ಈ ಏಪ್ರಿಲ್‌ನಲ್ಲಿ ಮಗಳು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಕಳಿಸಿದಳು. ಜಾಗ ಬದಲಿಸಿದವು ಇನ್ನೂ ಸುಧಾರಿಸಿಕೊಳ್ಳುತ್ತಿವೆ, ಅಲ್ಲೊಂದು ಇಲ್ಲೊಂದು ಹೂವು. ಮ್ಯಾಗ್ನೋಲಿಯಾ ಕೆಳಗಿನವು ಪೂರ್ವದ ಅರ್ಧ ಮೈ ತುಂಬಾ ರಾಣಿ ಬಣ್ಣ, ಪಶ್ಚಿಮದ ಅರ್ಧ ಬರೀ ಹಸಿರು, ಅರ್ಧನಾರೀಶ್ವರನ ಹಾಗೆ. ನಾನು ಫೋಟೋವನ್ನು ಎರಡು ಬೆರಳಲ್ಲಿ ಹಿಗ್ಗಿಸಿ ಬುಡದ ನೆಲ ನೋಡಿ ಫೋನ್ ಮಾಡಿದೆ.

"ಎಷ್ಟು ಗಂಟೆಗೆ ತೆಗೆದದ್ದು?"

"ಹತ್ತೂವರೆಗೆ. ಹೂವು ಹೇಗಿದೆ ಹೇಳಮ್ಮ ಮೊದಲು."

"ಹತ್ತೂವರೆಗೂ ಅಷ್ಟು ಕಪ್ಪಿದೆಯಲ್ಲೇ. ಇನ್ನೊಂದು ಕೊಂಬೆ ತೆಗೆಸಬೇಕಿತ್ತು."

"ಟಿಕೆಟ್ ಕಳಿಸ್ತೀನಿ" ಅಂದಳು ಮಗಳು. "ಜುಲೈ ನಾಲ್ಕರೊಳಗೆ ಬಂದು ನೀನೇ ನಿಂತು ತೆಗೆಸು."