ಹೆಂಗೂ ಮನೇಲೇ ಇರ್ತಾಳಲ್ಲ

ಕಾಯಿಲೆಯವರನ್ನು ನೋಡಲು ಬರುವವರ ಮೇಲೆ ನನಗೆ ಬಹಳ ಕಾಲದಿಂದ ಒಂದು ತಕರಾರಿದೆ. ಬರಬಾರದು ಅಂತಲ್ಲ, ಬರಲೇಬೇಕು. ನಮ್ಮ ಗೌರಿಬಿದನೂರು ಸೀಮೆಯಲ್ಲಿ ಯಾರಿಗಾದರೂ ದೊಡ್ಡ ಕಾಯಿಲೆಯಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ಮಂಚೇನಹಳ್ಳಿಯಿಂದ, ತೊಂಡೇಬಾವಿಯಿಂದ, ಗಡಿಯಾಚೆಯ ಹಿಂದೂಪುರದಿಂದ ನೆಂಟರು ಬಸ್ಸು ಹತ್ತುತ್ತಾರೆ. ಕೈಯಲ್ಲಿ ಮೂಸಂಬಿ, ಸೇಬು, ಬ್ರೆಡ್ಡು. ಬಾಯಲ್ಲಿ ಔಷಧಿ: ಲಕ್ಷ್ಮಣ ಫಲ ಕೊಡಿ, ಗೋಧಿ ಹುಲ್ಲಿನ ರಸ ಕೊಡಿ, ಶಿವಮೊಗ್ಗದ ಕಡೆ ಒಬ್ಬರು ನಾಟಿ ವೈದ್ಯರಿದ್ದಾರೆ, ಒಂದ್ಸಲ ತೋರಿಸಿ. ಗುಟುಕು ನೀರೂ ಇಳಿಯದ ಗಂಟಲಿನ ಮುಂದೆ ಕೂತು ಇಷ್ಟನ್ನೂ ಪ್ರೀತಿಯಿಂದಲೇ ಹೇಳುತ್ತಾರೆ. ಆಮೇಲೆ ಕಣ್ಣೊರೆಸಿಕೊಂಡು, ಮಾತು ಹೊಲದ ತಕರಾರಿಗೂ ಮೊಮ್ಮಗಳ ಮದುವೆಗೂ ಹೊರಳಿ, ಒಂದು ಗಂಟೆ ಎರಡಾಗುತ್ತದೆ. ಅಷ್ಟೂ ಹೊತ್ತು ಒಳಗೆ ಒಬ್ಬಳು ಒಲೆಯ ಮುಂದೆ ನಿಂತು ಟೀ ಕಾಯಿಸುತ್ತಿರುತ್ತಾಳೆ. ಹಿಂದಿನ ರಾತ್ರಿ ಕಣ್ಣು ಮುಚ್ಚದಿದ್ದವಳು ಅವಳೇ.

ನನ್ನ ದೊಡ್ಡಮ್ಮ ಹಾಗೆ ಟೀ ಕಾಯಿಸಿದವಳು. ದೊಡ್ಡಪ್ಪನ ಕೊನೆಯ ತಿಂಗಳುಗಳಲ್ಲಿ ಬಂದವರೆಲ್ಲ ಅವನ ಕೈ ಹಿಡಿದು ಹೇಗಿದ್ದೀಯಪ್ಪಾ ಎಂದರು. ದೊಡ್ಡಮ್ಮನಿಗೆ ಸಿಕ್ಕಿದ್ದು ಇನ್ನೊಂದು ಮಾತು: "ಸದ್ಯ, ನೋಡ್ಕೊಳ್ಳೋಕೆ ನೀನಿದ್ದೀಯ. ಹೆಂಗೂ ಮನೇಲೇ ಇರ್ತೀಯಲ್ಲ." ಹೊಗಳಿಕೆಯೆಂದೇ ಆಡಿದ ಮಾತು ಅದು. ನನ್ನನ್ನು ಇಷ್ಟು ವರ್ಷ ಕೊರೆಯುತ್ತಿರುವುದೂ ಅದೇ.

ಮನೆಯಲ್ಲೇ ಇದ್ದು ಅವಳು ಏನು ಮಾಡುತ್ತಿದ್ದಳೆಂದು ಕೇಳಿದವರಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟದಲ್ಲಿ, ಹಿಮ್ಮಡಿಯಲ್ಲಿ ಹುಣ್ಣೇಳುತ್ತದೆ. ಆಳು ಭಾರದ ದೇಹವನ್ನು ಒಬ್ಬಳೇ ಹೊರಳಿಸಿದರೆ ಅವಳ ಬೆನ್ನು ಹೋಗುತ್ತದೆ. ಒದ್ದೆ ಬಟ್ಟೆಯಿಂದ ತುಟಿ, ನಾಲಿಗೆ ಒರೆಸಬೇಕು. ನೋವಿಗೆ ಮಾರ್ಫಿನ್ ಮಾತ್ರೆ ಕೊಟ್ಟಿದ್ದರೆ ನಾಲ್ಕು ಗಂಟೆಗೊಮ್ಮೆ ತಪ್ಪದೆ ನುಂಗಿಸಬೇಕು, ಅದು ತರುವ ಮಲಬದ್ಧತೆಗೆ ಬೇರೆ ಮದ್ದು ಕೊಡಬೇಕು. ಬಲ್ಲ ವೈದ್ಯರು ರಾತ್ರಿ ಮಲಗುವ ಹೊತ್ತಿಗೆ ಮಾರ್ಫಿನ್ ಪ್ರಮಾಣ ದುಪ್ಪಟ್ಟು ಮಾಡಿ ನಡುರಾತ್ರಿಯದನ್ನು ಬಿಡಿಸುವುದುಂಟು. ರೋಗಿಗೂ ನಿದ್ದೆ, ನೋಡಿಕೊಳ್ಳುವವರಿಗೂ ನಿದ್ದೆ. ಆ ಒಂದು ಚೀಟಿಯಲ್ಲಿ ವೈದ್ಯಶಾಸ್ತ್ರ ಅವಳ ಕಣ್ಣುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿದೆ. ನೆಂಟರಿಗೆ ಹೊಳೆಯದ್ದು ಡಾಕ್ಟರಿಗೆ ಹೊಳೆದಿದೆ.

ಇದರ ಜೊತೆಗೆ ಉಳಿದ ಕೆಲಸ ನಿಲ್ಲುತ್ತದೆಯೇ? ಶಿಡ್ಲಘಟ್ಟ, ಚಿಂತಾಮಣಿಯ ಕಡೆ ಹೋಗಿ ನೋಡಿ. ರೇಷ್ಮೆಹುಳು ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಮೇಲೆ ಗೂಡು ಕಟ್ಟುವವರೆಗೆ ಹಗಲೂ ರಾತ್ರಿ ಸೊಪ್ಪು ಬೇಡುತ್ತದೆ. ಮನೆಯಲ್ಲಿ ಯಾರೋ ಸಾಯುತ್ತಿದ್ದಾರೆಂದು ರೇಷ್ಮೆಹುಳು ಕಾಯುವುದಿಲ್ಲ. ನಡುರಾತ್ರಿ ಎದ್ದವಳು ಮೊದಲು ತಟ್ಟೆಗಳಿಗೆ ಸೊಪ್ಪು ಹಾಕಿ, ಆಮೇಲೆ ಮಾವನ ಮಗ್ಗುಲು ತಿರುಗಿಸುತ್ತಾಳೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 15ರಿಂದ 59 ವಯಸ್ಸಿನ ಹೆಂಗಸರಲ್ಲಿ ಶೇ. 41 ಮಂದಿ ಮನೆಯವರ ಆರೈಕೆಯಲ್ಲಿ ತೊಡಗುತ್ತಾರೆ, ದಿನಕ್ಕೆ ಸುಮಾರು 140 ನಿಮಿಷ. ಗಂಡಸರಲ್ಲಿ ಶೇ. 21.4, ಅವರದು 74 ನಿಮಿಷ. ಈ ಲೆಕ್ಕದಲ್ಲಿ ಮಕ್ಕಳನ್ನು ಸಾಕುವುದೂ ಸೇರಿದೆ. ಸಾಯುವವರ ಮಂಚದ ಪಕ್ಕದಲ್ಲಿ ದಿನಕ್ಕೆ ಎಷ್ಟು ನಿಮಿಷ ಅಂತ ಕೇಳಿದರೆ ದೊಡ್ಡಮ್ಮ, ಯಾಕೆ, ಗಂಟೆ ನೋಡಿಕೊಂಡು ಇರಬೇಕಿತ್ತೇ ಎನ್ನುತ್ತಿದ್ದಳು.

'ಹೆಂಗೂ ಮನೇಲೇ' ಎಂಬುದು ನಮ್ಮ ಹಳ್ಳಿಗಳ ಸೊತ್ತು ಮಾತ್ರವೇನಲ್ಲ. ಬ್ರಿಟನ್ ಸರ್ಕಾರ ಅದನ್ನು ಕಾನೂನಾಗಿಯೇ ಬರೆದಿತ್ತು. ಕೈಲಾಗದವರನ್ನು ನೋಡಿಕೊಳ್ಳಲು ದುಡಿಮೆ ಬಿಟ್ಟವರಿಗೆ 1976ರಲ್ಲಿ ಅಲ್ಲಿ ಒಂದು ಭತ್ಯೆ ಶುರುವಾಯಿತು. ಗಂಡನ ಜೊತೆ ಬಾಳುವ ಹೆಂಗಸಿಗೆ ಮಾತ್ರ ಅದಿಲ್ಲ. ಅವಳು ಹೇಗಿದ್ದರೂ ಮನೆಯಲ್ಲಿರುವವಳು ತಾನೆ! ಜಾಕಿ ಡ್ರೇಕ್ ಎಂಬಾಕೆ 1984ರಲ್ಲಿ ತಾಯಿಯನ್ನು ನೋಡಿಕೊಳ್ಳಲು ಕೆಲಸ ಬಿಟ್ಟಳು, ಭತ್ಯೆ ಕೇಳಿದಳು, ಇಲ್ಲವೆಂದರು. ಅವಳು ಬಿಡಲಿಲ್ಲ. ಮೊಕದ್ದಮೆ ಲಕ್ಸೆಂಬರ್ಗಿನ ಯುರೋಪಿನ ನ್ಯಾಯಾಲಯದವರೆಗೆ ಹೋಯಿತು, ಅವಳು 1986ರ ಜೂನ್‌ನಲ್ಲಿ ಗೆದ್ದಳು. ಆ ಗೆಲುವಿನ ಸುದ್ದಿಯನ್ನು ದೊಡ್ಡಮ್ಮನಿಗೆ ಯಾರಾದರೂ ಓದಿ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು.

ಆದರೆ ದೊಡ್ಡಮ್ಮನ ಸಂಕಟ ತಿಳಿಯಲು ನನಗೆ ದಾರಿ ತೋರಿಸಿದ್ದು ಲಕ್ಸೆಂಬರ್ಗಲ್ಲ, ನಮ್ಮ ಪಕ್ಕದ ಅಲೀಪುರ. ಶಿಯಾ ಮುಸ್ಲಿಮರೇ ಬಹುಪಾಲು ಇರುವ ಊರು, ಹರಳಿನ ವ್ಯಾಪಾರದ ಊರು. ಗಂಡಸರು ವ್ಯಾಪಾರಕ್ಕೆಂದು ದೂರ ಹೋದಾಗ ಮನೆಯ ಕಾಯಿಲೆ ಕಸಾಲೆಯೆಲ್ಲ ಹೆಂಗಸರ ಪಾಲು. ಸುತ್ತಲ ಹಳ್ಳಿಗಳಿಗೆ ಮೊಹರಂ ಎಂದರೆ ಬಾಬಯ್ಯನ ಹಬ್ಬ; ಅಲೀಪುರಕ್ಕೆ ಅದು ಶೋಕದ ತಿಂಗಳು. ಕಪ್ಪು ಬಟ್ಟೆ, ಮಜ್ಲಿಸ್ ಎಂಬ ಶೋಕಸಭೆ, ಎದೆ ಬಡಿದುಕೊಳ್ಳುವ ಮಾತಂ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಇಮಾಮ್ ಹುಸೇನರೂ ಅವರ ಕಡೆಯವರೂ ಬಾಯಾರಿ ಮಡಿದ ಕಥೆಯನ್ನು ಊರಿಗೆ ಊರೇ ಕೂತು ಕೇಳಿ ಅಳುತ್ತದೆ.

ಆ ಕಥೆಯಲ್ಲಿ ಒಬ್ಬ ರೋಗಿಯಿದ್ದಾನೆ. ಹುಸೇನರ ಮಗ ಅಲಿ, ಜೈನುಲ್ ಆಬಿದೀನ್ ಎಂದು ಹೆಸರಾದವರು. ಯುದ್ಧದ ದಿನ ಎದ್ದು ನಿಲ್ಲಲಾರದಷ್ಟು ಜ್ವರದಲ್ಲಿ ಡೇರೆಯೊಳಗೆ ಮಲಗಿದ್ದರು, ಅದರಿಂದಲೇ ಉಳಿದರು. ಬೀಮಾರೆ ಕರ್ಬಲಾ, ಕರ್ಬಲಾದ ರೋಗಿ ಎಂದೇ ಅವರನ್ನು ಕರೆಯುತ್ತಾರೆ. ಪಕ್ಕದಲ್ಲಿದ್ದು ನೋಡಿಕೊಂಡವರು ಸೋದರತ್ತೆ ಬೀಬಿ ಜೈನಬ್. ಅವತ್ತು ಅವರ ಅಣ್ಣ ಹೋದರು, ಮಕ್ಕಳಾದ ಔನ್ ಮತ್ತು ಮುಹಮ್ಮದ್ ಹೋದರು. ಡೇರೆಗಳಿಗೆ ಬೆಂಕಿ ಬಿತ್ತು. ಮಲಗಿದ್ದ ರೋಗಿಯನ್ನೂ ಕೊಲ್ಲಲು ಬಂದಾಗ ಅಡ್ಡ ನಿಂತವರು ಜೈನಬ್. ಆಮೇಲೆ ಕೂಫಾಕ್ಕೆ, ಅಲ್ಲಿಂದ ಡಮಾಸ್ಕಸ್ಸಿಗೆ ಸೆರೆಯಾಳುಗಳ ನಡಿಗೆ. ಅಲ್ಲಿ ಖಲೀಫ ಯಜೀದನ ದರ್ಬಾರಿನಲ್ಲಿ ಅವರಾಡಿದ ಮಾತುಗಳು ಪ್ರಸಿದ್ಧ.

ನನ್ನನ್ನು ಹಿಡಿದು ನಿಲ್ಲಿಸಿದ್ದು ದರ್ಬಾರಿನ ಮಾತಲ್ಲ. ಆ ದಾರಿಯ ಬಗ್ಗೆ ಶಿಯಾ ಪರಂಪರೆಯಲ್ಲಿ ಇನ್ನೊಂದು ಸಣ್ಣ ಸಂಗತಿ ಹೇಳುತ್ತಾರೆ. ಜೈನಬ್ ಯಾವ ರಾತ್ರಿಯೂ ನಮಾಜು ತಪ್ಪಿಸಿದವರಲ್ಲ, ನಿಂತೇ ಮಾಡುವವರು. ಪ್ರಯಾಣದಲ್ಲಿ ಒಂದು ರಾತ್ರಿ ಕೂತು ನಮಾಜು ಮಾಡಿದರಂತೆ. ಯಾಕೆ ಕೂತಿರಿ ಎಂದರೆ, ನಿಲ್ಲಲು ಶಕ್ತಿಯಿಲ್ಲ ಎಂದರಂತೆ. ಸಿಗುತ್ತಿದ್ದ ಚೂರು ರೊಟ್ಟಿಯಲ್ಲಿ ತಮ್ಮ ಪಾಲನ್ನೂ ಮಕ್ಕಳಿಗೆ ಹಂಚಿದ್ದರು. ಇದನ್ನು ಗಮನಿಸಿ, ಕೇಳಿ, ಮುಂದಿನವರಿಗೆ ಹೇಳಿದವರು ಯಾರು? ಅದೇ ರೋಗಿ. ಜ್ವರದಲ್ಲಿದ್ದವರು, ತಂದೆಯನ್ನು ಕಳೆದುಕೊಂಡವರು, ಸಂಕೋಲೆಯಲ್ಲಿದ್ದವರು. ಅಂಥವರಿಗೆ ತಮ್ಮನ್ನು ನೋಡಿಕೊಳ್ಳುತ್ತಿರುವವಳ ಕಾಲು ಸೋತಿರುವುದು ಕಂಡಿದೆ. ಹಿಂದೂಪುರದಿಂದ ಸೇಬು ಹಿಡಿದು ಬಂದ, ಕೈಕಾಲು ಗಟ್ಟಿಯಿದ್ದ ನಮ್ಮವರಿಗೆ ಕಾಣಲಿಲ್ಲವಲ್ಲ!

ಇರಾನಿನಲ್ಲಿ ಜೈನಬ್ ಹುಟ್ಟಿದ ದಿನವನ್ನು ದಾದಿಯರ ದಿನವೆಂದು ಆಚರಿಸುತ್ತಾರೆ. ಸರಿಯಾದ ಆಯ್ಕೆ. ಆದರೆ ದಾದಿಗೆ ಪಾಳಿಯಿದೆ, ಸಂಬಳವಿದೆ, ರಜೆಯಿದೆ. ಜೈನಬ್‌ಗಾಗಲಿ ನನ್ನ ದೊಡ್ಡಮ್ಮನಿಗಾಗಲಿ ಪಾಳಿ ಬದಲಿಸಲು ಯಾರೂ ಬರಲಿಲ್ಲ. ಜೈನಬ್ ಹೆಸರಿನಲ್ಲಿ ಮನೆಯಲ್ಲೇ ನೋಡಿಕೊಳ್ಳುವವರ ದಿನವೂ ಒಂದಿರಲಿ ಎಂಬುದು ನನ್ನ ಆಸೆ. ಮೊಹರಂನಲ್ಲಿ ಅಷ್ಟೊಂದು ಜನರಿಗೆ ನೀರು, ಊಟ, ನೆರಳು ಒದಗಿಸಬಲ್ಲ ಅಲೀಪುರದ ಮೊಹಲ್ಲಾಗಳಿಗೆ, ಕಾಯಿಲೆಯವರಿರುವ ನಾಲ್ಕು ಮನೆಗಳಲ್ಲಿ ಸರದಿಯ ಮೇಲೆ ಒಂದೊಂದು ಮಧ್ಯಾಹ್ನ ಕೂರಲು ಜನ ಹೊಂದಿಸುವುದು ದೊಡ್ಡ ಮಾತೇ? ಕೇರಳದವರು ಮಾಡಿ ತೋರಿಸಿದ್ದಾರೆ. 1993ರಲ್ಲಿ ಕೋಳಿಕ್ಕೋಡಿನಲ್ಲಿ ಡಾ. ರಾಜಗೋಪಾಲ್ ಮತ್ತು ಗೆಳೆಯರು ಹಚ್ಚಿದ ನೋವು ತಗ್ಗಿಸುವ ಉಪಶಾಮಕ ಆರೈಕೆಯ ಕೆಲಸ ಓಣಿ ಓಣಿಗೆ ಹಬ್ಬಿತು. ಅಕ್ಕಪಕ್ಕದವರೇ ತರಬೇತಿ ಪಡೆದು ಹಾಸಿಗೆ ಹಿಡಿದವರ ಮನೆಗೆ ಹೋದರು. 2008ರಲ್ಲಿ ಸರ್ಕಾರವೇ ನೀತಿ ಮಾಡಿ ಪಂಚಾಯಿತಿಗಳಿಗೂ ಹೊಣೆ ಹೊರಿಸಿತು. ಆಶ್ವಾಸಕಿರಣಂ ಎಂಬ ಯೋಜನೆಯಲ್ಲಿ ನೋಡಿಕೊಳ್ಳುವವರ ಹೆಸರಿಗೇ ತಿಂಗಳಿಗೆ 600 ರೂಪಾಯಿ ಗೊತ್ತುಮಾಡಿತು. ಸಣ್ಣ ಮೊತ್ತವೇ, ಆದರೆ ಅವಳ ಹೆಸರಿಗೆ ಬರುವ ಮೊತ್ತ.

ನಮ್ಮಲ್ಲಿ ಏನೂ ಇಲ್ಲವೆನ್ನಲಾರೆ. ಬೆಂಗಳೂರಿನ ಮಾರತ್‌ಹಳ್ಳಿಯಲ್ಲಿ 1999ರಿಂದ ಕರುಣಾಶ್ರಯವಿದೆ. ವಾಸಿಯಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಒಂದು ಪೈಸೆಯಿಲ್ಲದೆ ನೋಡಿಕೊಳ್ಳುತ್ತದೆ. ಕ್ಯಾನ್ಸರ್ ರೋಗಿಯ ಜೊತೆಗಿರುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿಯಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಗೌರಿಬಿದನೂರಿನಿಂದ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಓಡಾಡುವ ಹೆಂಗಸಿನ ಬಸ್ ಖರ್ಚು ಉಳಿದಿದೆ. ಆದರೆ ಬಸ್ಸು, ರೈಲು, ಆಸ್ಪತ್ರೆ ಎಲ್ಲ ಮುಗಿದು, ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದು ವೈದ್ಯರು ಹೇಳಿದ ದಿನದಿಂದಲೇ ಅವಳ ನಿಜವಾದ ಕೆಲಸ ಶುರುವಾಗುವುದು. ಆ ದಿನದಿಂದ ಅವಳಿಗೆ ಯಾವ ಚೀಟಿಯೂ ಇಲ್ಲ. ಹಿರಿಯರನ್ನು ನೋಡಿಕೊಳ್ಳದ ಮಕ್ಕಳನ್ನು ಕೇಳಲು 2007ರ ಕಾಯ್ದೆಯಿದೆ. ನೋಡಿಕೊಂಡು ಸೋತವರನ್ನು ಕೇಳಲು ಅಂಥದೊಂದು ಕಾಯ್ದೆಯಿಲ್ಲ.

ಆಶಾ ಕಾರ್ಯಕರ್ತೆಯ ಕೈಯಲ್ಲಿ ಮನೆಮನೆಯ ಪುಸ್ತಕವಿದೆ. ಬಸುರಿ ಎಷ್ಟು, ಬಾಣಂತಿ ಎಷ್ಟು, ಬಿಪಿ ಯಾರಿಗೆ, ಸಕ್ಕರೆ ಯಾರಿಗೆ, ಎಲ್ಲ ಅದರಲ್ಲಿ ಬರೆದಿರುತ್ತಾಳೆ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳೋಣ: ಅದಕ್ಕೆ ಇನ್ನೆರಡು ಕಾಲಂ ಸೇರಿಸಿ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿರುವವರು ಯಾರು, ನಿನ್ನೆ ರಾತ್ರಿ ಅವರು ಎಷ್ಟು ಹೊತ್ತು ಮಲಗಿದರು.