ಡಿ ಎಲ್ಲಿ ಹೋಯ್ತು?

ಪಕ್ಕದ ಮನೆಯವರ ಕಂಪ್ಯೂಟರಿಗೆ ಈಗಷ್ಟೇ ಹೊಸದಾಗಿ ವಿಂಡೋಸ್ ಹಾಕಿ ನೋಡಿದ್ರೆ ಡಿವಿಡಿ ಡ್ರೈವ್ 'ಡಿ' ಆಗಿ ಕೂತಿದೆ! ಮಗಳ ಮದುವೆ ಫೋಟೋ ಇದ್ದ ಹಳೇ ಡಿ ಈಗ 'ಇ'. ಅವರಿಗೆ ಎದೆ ಧಸಕ್: "ಎಲ್ಲಾ ಹೋಯ್ತಾ?"

ಏನೂ ಹೋಗಿಲ್ಲ ಸಾರ್, ಅಕ್ಷರ ಮಾತ್ರ ಅದಲುಬದಲು. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಮೊದಲು ಡಿವಿಡಿಗೆ 'ಝಡ್' ಕೊಟ್ಟು ಡಿ ಖಾಲಿ ಮಾಡಿಸ್ಬೇಕು, ಆಮೇಲೆ ಇ ಇದ್ದದ್ದನ್ನ ಡಿ ಮಾಡೋದು. ಸಿಸ್ಟಮ್ ಇರೋ ಸಿ ತಂಟೆಗೆ ಮಾತ್ರ ಹೋಗಬೇಡಿ. ಮತ್ತೆ, ಇದೆಲ್ಲ ಪ್ರೋಗ್ರಾಂ ಹಾಕೋ ಮುಂಚೆನೇ ಆಗ್ಬೇಕು. ಆಮೇಲೆ ಬದಲಿಸಿದ್ರೆ ಶಾರ್ಟ್‌ಕಟ್‌ಗಳು ಹಳೇ ವಿಳಾಸ ಹುಡುಕ್ತಾ ಕೈಕೊಡ್ತವೆ.

ಅಂದಹಾಗೆ ಎ, ಬಿ ಎರಡೂ ಫ್ಲಾಪಿಗೆ ಅಂತ ಇಟ್ಟಿದ್ದು. ಫ್ಲಾಪಿ ಮೂಲೆಗೆ ಬಿದ್ದು ಯಾವ ಕಾಲ ಆಯ್ತು, ಎಣಿಕೆ ಇನ್ನೂ ಸಿಯಿಂದಲೇ!

ನಿಮ್ಮನೇಲಿ ಸಿನಿಮಾ ಇಡೋದು ಡಿನಲ್ಲೋ, ಇನಲ್ಲೋ?