ಎಷ್ಟು ಅಂತ ಹಾಕಲಿ?

ಆಫೀಸಿನ ಕಾಲ್ ಮುಗಿಸಿ ಫೋನ್ ನೋಡಿದರೆ ಅಕ್ಕನ ಮಗಳ ಆರು ಮಿಸ್ಡ್ ಕಾಲ್. ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದು ವಾರವಾಗಿತ್ತು. ಪುಟ್ಟಿ 625ಕ್ಕೆ 588 ತೆಗೆದಿದ್ದಳು. ಸ್ವೀಟು, ವಾಟ್ಸಾಪ್ ಸ್ಟೇಟಸ್ಸು ಎಲ್ಲ ಮುಗಿದಿತ್ತು. ಈಗ ಇನ್ನೇನಪ್ಪ ಅಂತ ಗಾಬರಿಯಲ್ಲೇ ತಿರುಗಿ ಮಾಡಿದೆ.

"ಮಾವ, ಪಿಯುಸಿ ಸ್ಕಾಲರ್‌ಶಿಪ್ಪಿನ ಫಾರಂ ತುಂಬ್ತಾ ಇದೀನಿ. ಕುಟುಂಬದ ವಾರ್ಷಿಕ ಆದಾಯ ಅಂತ ಕೇಳ್ತೈತೆ. ಎಷ್ಟು ಅಂತ ಹಾಕಲಿ?"

"ನಿಮ್ಮಪ್ಪನ್ನ ಕೇಳು."

"ಕೇಳ್ದೆ. ನಿಮ್ಮಾವನ್ನೇ ಕೇಳು ಅಂದ್ರು."

ರಾತ್ರಿ ಮಾಡ್ತೀನಿ ಇರು ಅಂತ ಹೇಳಿ ಫೋನ್ ಇಟ್ಟೆ. ಉತ್ತರ ಗೊತ್ತಿರಲಿಲ್ಲ ಅಂತಲ್ಲ. ಇದೇ ಪ್ರಶ್ನೆಯನ್ನು ಇದೇ ಮೇ ತಿಂಗಳ ಬಿಸಿಲಲ್ಲಿ ಒಬ್ಬರು ನಮ್ಮಪ್ಪನಿಗೆ ಕೇಳಿದ್ದರು. ಅದು 2005.

ನಮ್ಮದು ತುರುವೇಕೆರೆ ತಾಲ್ಲೂಕಿನ ಒಂದು ಹಳ್ಳಿ. ಹೋಬಳಿಯ ಹೈಸ್ಕೂಲಿಗೆ ಮಾರ್ಕ್ಸ್ ಕಾರ್ಡ್ ತರಲು ಹೋದವನಿಗೆ ಆಫೀಸ್ ರೂಮಿನ ಹೊರಗಿನ ಬೋರ್ಡಿನಲ್ಲಿ ಒಂದು ಟೈಪ್ ಮಾಡಿದ ಹಾಳೆ ಕಾಣಿಸಿತು. ಬಿಸಿಲಿಗೆ ಹಳದಿಯಾಗಿತ್ತು, ಒಂದು ಮೂಲೆ ಗಾಳಿಗೆ ಮಡಚಿಕೊಂಡಿತ್ತು. ಯಾವುದೋ ಟ್ರಸ್ಟಿನವರು ಶೇಕಡ 80ಕ್ಕಿಂತ ಹೆಚ್ಚು ತೆಗೆದವರಿಗೆ ಪಿಯುಸಿ ಎರಡೂ ವರ್ಷ ತಲಾ 3,000 ರೂಪಾಯಿ ಕೊಡುತ್ತಾರಂತೆ. ಮನೆಯ ಆದಾಯ ವರ್ಷಕ್ಕೆ 25,000 ಮೀರಬಾರದು. ಕೊನೆಯ ದಿನಾಂಕಕ್ಕೆ ಎಂಟು ದಿನ ಉಳಿದಿತ್ತು. ನನಗೆ 541 ಬಂದಿತ್ತು. ಅಲ್ಲೇ ನಿಂತು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಎಲ್ಲವನ್ನೂ ಬರೆದುಕೊಂಡೆ. ಒಳಗೆ ಕೇಳಿದರೆ ಗುಮಾಸ್ತರು, "ಅದಾ? ಹಾಕಿ ತಿಂಗಳಾಯ್ತಲ್ಲ, ನೋಡ್ಲಿಲ್ವಾ" ಅಂದರು. ನಮ್ಮ ಕ್ಲಾಸಿನ ಮೇಷ್ಟ್ರ ಮಗ ಆಗಲೇ ಅರ್ಜಿ ಹಾಕಿ ಬಂದಿದ್ದ. ರಜೆಯಲ್ಲಿ ಹೊಲದಲ್ಲಿದ್ದವರು ಶಾಲೆಯ ಬೋರ್ಡು ನೋಡುವುದು ಯಾವಾಗ ಅನ್ನೋದು ಯಾರ ತಲೆಗೂ ಹೋಗಿರಲಿಲ್ಲ.

3,000 ಅಂದರೆ ಆಗ ಎಷ್ಟು ಅಂತ ಹೇಳಿಬಿಡುತ್ತೇನೆ. ಸೈನ್ಸ್ ತಗೊಂಡರೆ ತಾಲ್ಲೂಕಿನಲ್ಲಿ ಫಿಸಿಕ್ಸು, ಮ್ಯಾತ್ಸಿಗೆ ಟ್ಯೂಷನ್ ಇಲ್ಲದೆ ನಡೆಯಲ್ಲ ಅನ್ನುವ ಮಾತಿತ್ತು. ವಿಷಯಕ್ಕೆ ಸಾವಿರ. ಉಳಿದ ಸಾವಿರದಲ್ಲಿ ಬಸ್ ಪಾಸು, ಪುಸ್ತಕ. ಅಷ್ಟಕ್ಕೆ ಸರಿಯಾಗಿ ಹೊಂದುವ ದುಡ್ಡು.

ಮೊದಲ ಕೆಲಸ ಅಟೆಸ್ಟೇಷನ್. ಈಗಿನವರಿಗೆ ಈ ಪದವೇ ಗೊತ್ತಿಲ್ಲ. ನಮ್ಮ ಪ್ರತಿಗೆ ನಾವೇ ಸಹಿ ಹಾಕಿದರೆ ಸಾಕು. ಆಗ ಜೆರಾಕ್ಸ್ ಪ್ರತಿ ಅಸಲಿಯೇ ಎಂದು ಒಬ್ಬ ಗೆಜೆಟೆಡ್ ಆಫೀಸರು ಸೀಲು ಹೊಡೆಯಬೇಕಿತ್ತು. ನಮ್ಮ ಹೋಬಳಿಯಲ್ಲಿ ಸುಲಭಕ್ಕೆ ಸಿಗುತ್ತಿದ್ದ ಗೆಜೆಟೆಡ್ ಆಫೀಸರೆಂದರೆ ದನದ ಡಾಕ್ಟ್ರು. ಒಂದು ಹಸುವಿಗೆ ಇಂಜೆಕ್ಷನ್ ಕೊಟ್ಟು, ಕೈ ತೊಳೆದು, ನನ್ನ ಮಾರ್ಕ್ಸ್ ಕಾರ್ಡ್ ತಗೊಂಡು, ಒಂದೊಂದೇ ವಿಷಯ ಓದಿ, "ಇಂಗ್ಲಿಷ್ ಯಾಕೋ ಕಮ್ಮಿ?" ಅಂತ ಬೈದು ಹಸಿರು ಇಂಕಿನಲ್ಲಿ ಸಹಿ ಹಾಕಿದರು. ದುಡ್ಡು ಕೇಳಲಿಲ್ಲ. ನನ್ನ ಅಂಕಪಟ್ಟಿಯನ್ನು ಅಷ್ಟು ಗಮನವಿಟ್ಟು ಓದಿದ ಮೊದಲನೆಯವರು ಅವರೇ ಇರಬೇಕು.

ಉಳಿದಿದ್ದು ಆದಾಯ ಪ್ರಮಾಣ ಪತ್ರ. ವಿಲೇಜ್ ಅಕೌಂಟೆಂಟ್ ವರದಿ ಬರೆದು, ರೆವಿನ್ಯೂ ಇನ್ಸ್‌ಪೆಕ್ಟರ್ ಸಹಿ ಆಗಿ, ತಹಸೀಲ್ದಾರರ ಕಚೇರಿಗೆ ಹೋಗಬೇಕು. ನಮ್ಮ ವಿಎ ಗುರುವಾರ ಮಾತ್ರ ಊರಿಗೆ ಬರುತ್ತಿದ್ದರು, ಹಾಲಿನ ಡೈರಿಯ ಜಗುಲಿ ಮೇಲೆ ಕೂರುತ್ತಿದ್ದರು. (ಈಗ ಆ ಹುದ್ದೆಗೆ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರು. ನಮ್ಮಜ್ಜಿ ಇದ್ದಿದ್ದರೆ ಈಗಲೂ ಶಾನುಭೋಗರು ಅಂತಲೇ ಅನ್ನುತ್ತಿದ್ದರು.) ಗುರುವಾರ ಬೆಳಿಗ್ಗೆ ಏಳಕ್ಕೇ ನಾನು ಜಗುಲಿ ಹತ್ತಿದ್ದೆ. ಹನ್ನೊಂದಕ್ಕೆ ಅವರು ಬಂದರು. ಅಪ್ಪನನ್ನು ಕರಕೊಂಡು ಬಾ ಅಂದರು. ಓಡಿದೆ.

ಅಪ್ಪ ಒಬ್ಬರೇ ಬರಲಿಲ್ಲ. ಜೊತೆಗೆ ಬಿಳಿ ಪಂಚೆಯ ಒಬ್ಬ ಯಜಮಾನರಿದ್ದರು. ಅಕ್ಕನಿಗೆ ಬಂದಿದ್ದ ಸಂಬಂಧದ ಕಡೆಯವರು, ಹುಡುಗನ ಸೋದರಮಾವ. ಮನೆತನ ವಿಚಾರಿಸಿಕೊಂಡು ಹೋಗಲು ಬೆಳಿಗ್ಗೆಯೇ ಬಂದಿದ್ದರಂತೆ. ಅಪ್ಪ ಅವರನ್ನು ತೋಟದಿಂದ ಸೀದಾ ಡೈರಿಗೇ ಕರೆತಂದಿದ್ದರು.

ವಿಎ ಪೆನ್ನು ತೆಗೆದು ಕೇಳಿದರು: "ವರ್ಷದ ವರಮಾನ ಎಷ್ಟು ಅಂತ ಬರ್ಕಳ್ಲಿ?"

ನಿಜ ಏನೆಂದರೆ, ಆ ಹೊತ್ತಿಗೆ ಮೂರು ವರ್ಷ ಬರ ಕಂಡಿದ್ದೆವು. ಅದರ ಮೇಲೆ ತೆಂಗಿಗೆ ನುಸಿ ಬಿದ್ದಿತ್ತು. ಕಾಯಿ ಮೈತುಂಬ ಕಂದು ಗಾಯ ಮಾಡಿಕೊಂಡು, ಸೊರಗಿ, ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾಗುವಷ್ಟರಲ್ಲಿ ಉದುರುತ್ತಿತ್ತು. ನಲವತ್ತು ಮರವಿದ್ದೂ ಕೊಬ್ಬರಿ ಮಾಡಲು ಕಾಯಿ ಇರಲಿಲ್ಲ. ಎರಡು ಎಮ್ಮೆಯ ಹಾಲಿನ ದುಡ್ಡು ಸೇರಿಸಿದರೂ ವರ್ಷಕ್ಕೆ ಹದಿನೈದು ಸಾವಿರ ದಾಟುತ್ತಿರಲಿಲ್ಲ.

"ನಲವತ್ತು ಸಾವಿರ ಬರ್ಕಳಿ ಸ್ವಾಮಿ," ಅಂದರು ಅಪ್ಪ.

ವಿಎ ತಲೆಯೆತ್ತಿದರು. "ಯಜಮಾನ್ರೆ, ಹುಡುಗನ ಸ್ಕಾಲರ್‌ಶಿಪ್ಪಿಗೆ ತಾನೆ? ಇಪ್ಪತ್ತೈದರೊಳಗೆ ಇರ್ಬೇಕು ಅಂತಿದಾನೆ ಇವ್ನು."

"ಇರೋದನ್ನ ತಾನೆ ಬರೆಸೋದು?"

ನಾನು ಅಪ್ಪನ ಟವೆಲ್ಲಿನ ತುದಿ ಎಳೆದೆ. ಅಪ್ಪ ತಿರುಗಿ ನೋಡಲಿಲ್ಲ. ಬಿಳಿ ಪಂಚೆಯವರು ಡೈರಿಯ ಕ್ಯಾನುಗಳನ್ನು ಎಣಿಸುವವರ ಹಾಗೆ ಆಚೆ ನೋಡುತ್ತಿದ್ದರು. ವಿಎ ಒಂದು ಗಳಿಗೆ ಸುಮ್ಮನಿದ್ದು, ನಲವತ್ತು ಅಂತಲೇ ಬರೆದರು.

ಆ ಅರ್ಜಿ ನಾನು ಹಾಕಲಿಲ್ಲ. ಹಸಿರು ಇಂಕಿನ ಪ್ರತಿಗಳು ಟ್ರಂಕಿನಲ್ಲೇ ಉಳಿದವು. ಅಪ್ಪನ ಜೊತೆ ಒಂದು ತಿಂಗಳು ಮಾತು ಬಿಟ್ಟೆ. ಅಪ್ಪ ಒಂದು ಎಮ್ಮೆ ಮಾರಿ ನನ್ನನ್ನು ಸೈನ್ಸಿಗೆ ಸೇರಿಸಿದರು. ಅಕ್ಕನ ಮದುವೆ ಮಾಘದಲ್ಲಾಯಿತು. ಬಿಇಗೆ ಬ್ಯಾಂಕ್ ಸಾಲ, ಅದನ್ನು ತೀರಿಸಲು ಕೆಲಸ ಸಿಕ್ಕಮೇಲೆ ಆರು ವರ್ಷ. ಆ ಕಂತು ಕಟ್ಟುವಾಗಲೆಲ್ಲ ಡೈರಿ ಜಗುಲಿ ನೆನಪಾಗುತ್ತಿತ್ತು ಅಂದರೆ ನಂಬುತ್ತೀರಾ? 3,000ಕ್ಕೂ ಆ ಸಾಲಕ್ಕೂ ಸಂಬಂಧವೇ ಇಲ್ಲ, ಆದರೂ.

ಇರಲಿ, ಪುಟ್ಟಿಯ ವಿಷಯಕ್ಕೆ ಬರೋಣ. ಶನಿವಾರ ಊರಿಗೇ ಹೋದೆ. ಲ್ಯಾಪ್‌ಟಾಪ್ ಬಿಚ್ಚಿ ಕೂತ ಮೇಲೆ ತಿಳಿದದ್ದು, ನಮ್ಮ ಕಾಲದ ಬೋರ್ಡಿನ ಒಂದು ಹಾಳೆ ಈಗ ಹತ್ತಾರು ಕಡೆ ಹರಡಿಕೊಂಡಿದೆ. ಎಂಟನೇ ಕ್ಲಾಸಲ್ಲೇ ಎನ್‌ಎಂಎಂಎಸ್ ಅಂತ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದವರಿಗೆ ಒಂಬತ್ತರಿಂದ ಸೆಕೆಂಡ್ ಪಿಯುಸಿವರೆಗೆ ವರ್ಷಕ್ಕೆ 12,000. ಪುಟ್ಟಿ ಬರೆದೇ ಇರಲಿಲ್ಲ. ಪಕ್ಕದೂರಿನ ಶಾಲೆಯ ಮಕ್ಕಳು ಬರೆದಿದ್ದರು, ಅಲ್ಲಿನ ಮೇಷ್ಟ್ರು ಸಂಜೆ ಕೂರಿಸಿಕೊಂಡು ಹೇಳಿಕೊಟ್ಟಿದ್ದರಂತೆ. ಎಸ್ಸೆಸ್ಸೆಲ್ಸಿ ಆದಮೇಲೆ ವಿದ್ಯಾಧನ್ ಇದೆ. ಇನ್ಫೋಸಿಸ್ ಸಹಸಂಸ್ಥಾಪಕರಲ್ಲೊಬ್ಬರಾದ ಎಸ್.ಡಿ. ಶಿಬುಲಾಲ್ ದಂಪತಿಯ ಸರೋಜಿನಿ ದಾಮೋದರನ್ ಫೌಂಡೇಷನ್ನಿನದು. ಶೇಕಡ 90, ಆದಾಯ ಎರಡು ಲಕ್ಷದೊಳಗೆ, ಆಮೇಲೆ ಟೆಸ್ಟು, ಇಂಟರ್‌ವ್ಯೂ. ಇಲಾಖೆಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್. 2021ರಲ್ಲಿ ಶುರುವಾದ ರೈತ ವಿದ್ಯಾನಿಧಿಯಲ್ಲಿ ಪಿಯುಸಿ ಹುಡುಗಿಯರಿಗೆ ವರ್ಷಕ್ಕೆ 3,000 ಅಂತ ನಿಗದಿ ಮಾಡಿದ್ದರು. ಆ ಅಂಕಿ ನೋಡಿ ನಗು ಬಂತು. ಅದಕ್ಕೆ ಅಪ್ಪನ ಹೆಸರಿನ ಜಮೀನು ರೈತರ ನೋಂದಣಿಯಲ್ಲಿ ಇರಬೇಕು. ಭಾವನ ಎರಡು ಎಕರೆ ಇನ್ನೂ ತೀರಿಕೊಂಡ ಅವರ ತಂದೆ ಹೆಸರಲ್ಲೇ ಇದೆ, ಪೌತಿ ಖಾತೆ ಆಗಿಲ್ಲ. ಮೂವತ್ತು ವರ್ಷ ಉತ್ತ ಮನುಷ್ಯ ಕಾಗದದಲ್ಲಿ ರೈತನೇ ಅಲ್ಲ.

ಇನ್ನೊಂದು ತಮಾಷೆ ಕೇಳಿ. ನಾನು ಹೊಟ್ಟೆಪಾಡಿಗೆ ಮಾಡುವುದೇ ಒಂದು ಅಕೌಂಟಿಂದ ಇನ್ನೊಂದಕ್ಕೆ ದುಡ್ಡು ಹೋಗುವ ಸಾಫ್ಟ್‌ವೇರು. ಅಂಥವನಿಗೆ ಪುಟ್ಟಿಯ ದುಡ್ಡು ಯಾವ ಅಕೌಂಟಿಗೆ ಬರುತ್ತೆ ಅಂತ ಪತ್ತೆ ಮಾಡಲು ಅರ್ಧ ದಿನ ಬೇಕಾಯಿತು. ಸರ್ಕಾರದ ದುಡ್ಡು ಹೋಗುವುದು ಪಾಸ್‌ಬುಕ್ಕಿನ ನಂಬರ್ ನೋಡಿಕೊಂಡಲ್ಲ. ಆಧಾರ್ ಕೊನೆಯದಾಗಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆಯೋ ಅಲ್ಲಿಗೆ. ಅವಳದ್ದು ಯಾವತ್ತೋ ಪೋಸ್ಟ್‌ಮ್ಯಾನ್ ಮನೆಗೇ ಬಂದು ತೆರೆದುಕೊಟ್ಟು ಹೋಗಿದ್ದ ಅಂಚೆ ಪೇಮೆಂಟ್ಸ್ ಬ್ಯಾಂಕಿಗೆ ಜೋಡಣೆಯಾಗಿತ್ತು. ಮನೆಯಲ್ಲಿ ಯಾರಿಗೂ ನೆನಪೇ ಇಲ್ಲ. ಜೊತೆಗೆ ಮಾರ್ಕ್ಸ್ ಕಾರ್ಡಿನ ಹೆಸರಲ್ಲಿ ಒಂದು ಎಚ್ ಹೆಚ್ಚು, ಆಧಾರಲ್ಲಿ ಕಡಿಮೆ. ನಿಮ್ಮ ಮನೆಯಲ್ಲಿ ಎಂಟನೇ, ಒಂಬತ್ತನೇ ಕ್ಲಾಸಿನ ಮಕ್ಕಳಿದ್ದರೆ ಈ ಎರಡನ್ನು ಈಗಲೇ ನೋಡಿಟ್ಟುಕೊಳ್ಳಿ. ರಿಸಲ್ಟ್ ಬಂದಮೇಲೆ ಸರಿಮಾಡಿಸಲು ಹೊರಟರೆ ಎಲ್ಲರೂ ಅದೇ ಸಾಲಿನಲ್ಲಿ ನಿಂತಿರುತ್ತಾರೆ.

ಆದಾಯದ ಕಾಲಂ ಮಾತ್ರ ಖಾಲಿಯೇ ಇತ್ತು. ಹಳೆಯ ಸರ್ಟಿಫಿಕೇಟಿನ ಐದು ವರ್ಷದ ಅವಧಿ ಮುಗಿದಿತ್ತು, ಹೊಸದು ಮಾಡಿಸಬೇಕು. ಭಾವ ಗೂಡ್ಸ್ ಆಟೋ ತಗೊಳ್ಳುವಾಗ ಫೈನಾನ್ಸಿನವರಿಗೆ ವರ್ಷಕ್ಕೆ ಮೂರು ಲಕ್ಷ ಅಂತ ಬರೆಸಿದ್ದರು. ರೇಷನ್ ಕಾರ್ಡಿನ ಅರ್ಜಿಯಲ್ಲಿ ಬೇರೆ ಲೆಕ್ಕ. ನೆಂಟರ ಮುಂದೆ ಇನ್ನೊಂದು. ನಮ್ಮೂರ ಕಡೆ ಒಬ್ಬ ಮನುಷ್ಯನಿಗೆ ಮೂರು ಆದಾಯ ಇರೋದು ಹೊಸದಲ್ಲ. ಯಾವುದು ನಿಜ ಅಂತ ಅವನಿಗೇ ಗೊತ್ತಿರಲ್ಲ, ಯಾಕಂದರೆ ಯಾರೂ ಕೂತು ಕೂಡಿರುವುದಿಲ್ಲ.

ಪುಟ್ಟಿ ಹೇಳಿದಳು, "ಕೂಡೋಣ." ನೋಟ್‌ಬುಕ್ ತಂದಳು. ಡೈರಿಯ ಹದಿನೈದು ದಿನದ ಬಟವಾಡೆ ಚೀಟಿ, ಕಾಯಿ ಮಾರಿದ ಲೆಕ್ಕ, ಆಟೋ ಬಾಡಿಗೆ ಒಂದು ಕಡೆ. ಹಿಂಡಿ, ಬೂಸಾ, ಡೀಸೆಲ್, ಕಂತು ಇನ್ನೊಂದು ಕಡೆ. ಭಾವ ಮೊದಮೊದಲು ಉತ್ಸಾಹದಿಂದ ಹೇಳುತ್ತಿದ್ದವರು ಬರಬರುತ್ತಾ ಮೆತ್ತಗಾದರು. ಕೊನೆಗೆ ಉಳಿದಿದ್ದು 1,12,000. ಪುಟ್ಟಿ ಎರಡು ಸಲ ಕೂಡಿದಳು.

"ಇಷ್ಟೇನಾ?" ಅಂದರು ಭಾವ. ಎದ್ದು ಹೋಗಿ ಹಸುವಿಗೆ ಹುಲ್ಲು ಹಾಕತೊಡಗಿದರು. ಆಗಲೇ ಹಾಕಿದ್ದ ಹುಲ್ಲು ಇನ್ನೂ ಮುಗಿದಿರಲಿಲ್ಲ.

ನನಗೆ ಏನು ಹೇಳಲೂ ತೋಚಲಿಲ್ಲ. ನನ್ನ ಸಂಬಳ ಅವರಿಗೆ ಗೊತ್ತು.

ರಾತ್ರಿ ಊಟವಾದ ಮೇಲೆ ಅಕ್ಕ ಅಡುಗೆಮನೆ ಬಾಗಿಲಲ್ಲಿ ಕೂತು, "ಸೋಮವಾರ ನಾಡಕಚೇರಿಗೆ ನಾನೇ ಹೋಗ್ತೀನಿ, ವಿಎ ಕೇಳಿದ್ರೆ ನೋಟ್‌ಬುಕ್ಕೇ ತೋರಿಸ್ತೀನಿ. ನಿಮ್ಮ ಭಾವ ಹೋದ್ರೆ ಎರಡು ಲಕ್ಷ ಅಂದ್ಬಿಡ್ತಾರೆ," ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪ ಅಂದಂಗೆ."

ನಾನು ಬೆಚ್ಚಿದೆ. ಆ ಜಗುಲಿಯ ಮಾತನ್ನು ನಾನು ಅಕ್ಕನಿಗೆ ಯಾವತ್ತೂ ಹೇಳಿರಲಿಲ್ಲ. ಅವಳ ಮದುವೆಗಾಗಿ ನನ್ನದು ಹೋಯಿತು ಅನ್ನೋ ಹಾಗಾಗುತ್ತದೆ ಅಂತ.

"ನಿಂಗೆ ಯಾರು ಹೇಳಿದ್ರು?"

"ಇವರ ಸೋದರಮಾವ. ಮದುವೆಯಾಗಿ ವರ್ಷಕ್ಕೇ ಹೇಳಿದ್ರು. ನಿಮ್ಮಪ್ಪ ನನ್ ಮುಂದೇನೆ ನಲವತ್ತು ಸಾವಿರ ಅಂದ ಕಣಮ್ಮ, ನಾನು ಆಗತಾನೆ ತೋಟ ನೋಡ್ಕಂಡು ಬಂದಿದ್ದೆ, ನುಸಿ ಹತ್ತಿದ ಕಾಯಿ ನಂಗೆ ಗೊತ್ತಾಗಲ್ವಾ, ಅಂದ್ರು."

"ಗೊತ್ತಿದ್ದೂ ಒಪ್ಪಿದ್ರಾ?"

"ಅವರ ಕಡೆ ತೋಟಕ್ಕೂ ನುಸಿ ಬಿದ್ದಿತ್ತಲ್ಲ."

ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತು. ಇದ್ದಿದ್ದರೆ ಹೇಳುತ್ತಿದ್ದೆನೋ ಇಲ್ಲವೋ. ಆ ರಾತ್ರಿ ಜಗುಲಿಯಲ್ಲಿ ಚಾಪೆ ಹಾಕಿಕೊಂಡು ಮಲಗಿದವನಿಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ವಿಎಗೆ ಗೊತ್ತಿತ್ತು, ಸೋದರಮಾವನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಅಪ್ಪನಿಗಂತೂ ಗೊತ್ತೇ ಇತ್ತು.

ಮುಂದಿನ ವಾರ ಪುಟ್ಟಿಯ ಫೋನ್ ಬಂತು. ಸರ್ಟಿಫಿಕೇಟ್ ಆಯಿತು, ಆರ್‌ಡಿ ನಂಬರ್ ಹಾಕಿದ ತಕ್ಷಣ ತಗೊಂಡಿತು, ಫಾರಂ ಹೋಯಿತು. ಆಧಾರದ ಎಚ್ ಮಾತ್ರ ಇನ್ನೂ ಸರಿಯಾಗಿಲ್ಲ, ತುರುವೇಕೆರೆಗೆ ಇನ್ನೊಮ್ಮೆ ಹೋಗಬೇಕು.

"ಮತ್ತೆ ಮಾವ, ನಮ್ ಕ್ಲಾಸಿನ ಇನ್ನಿಬ್ರು ಬಂದವ್ರೆ, ಅವರದ್ದೂ ತುಂಬ್ತಾ ಇದೀನಿ. ಒಬ್ಳದು ಆಯ್ತು. ಇನ್ನೊಬ್ಳದು ನಿಂತೋಗಿದೆ."

"ಯಾಕೆ, ಸರ್ವರ್ ಡೌನಾ?"

"ಇಲ್ಲ. ಅವರಪ್ಪ ಆದಾಯ ಹೇಳ್ತಿಲ್ಲ. ನೀನೊಂದ್ಸಲ ಮಾತಾಡ್ತೀಯಾ?"